ಎತ್ತರದ ಗಾಡಿ

ಗಂಗಲಕ್ಷ್ಮಮ್ಮನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಹಳೆಯ ಬಿಳಿ ಕಾರನ್ನು ಮಗ ಬೈರೇಶ್ ಮನೆಯಲ್ಲಿ ಯಾರಿಗೂ ಹೇಳದೆ ಷೋರೂಮಿನವರಿಗೆ ಕೊಟ್ಟು, ಬೆಟ್ಟಗುಡ್ಡ ಹತ್ತುವ ಹೊಸ ಗಾಡಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದು ಶ್ರಾವಣದ ಒಂದು ಸೋಮವಾರ. ಸೊಸೆ ವಾಣಿಶ್ರೀ ಆಗ ಅತ್ತೆಗೆಂದು ಹೀರೇಕಾಯಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುತ್ತಿದ್ದಳು. ಕಿಡ್ನಿ ಕೈಕೊಟ್ಟವರಿಗೆ ತರಕಾರಿ ಬೇಯಿಸಿದ ನೀರು ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾರನ್ ಕೇಳಿ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಹೊರಬಂದವಳು, ಕಾರು ನಿಲ್ಲುವ ಜಾಗದಲ್ಲಿ ತನ್ನ ಎದೆಮಟ್ಟಕ್ಕೆ ಬಾನೆಟ್ ಎತ್ತಿಕೊಂಡು ನಿಂತಿದ್ದ ಕಪ್ಪು ಗಾಡಿಯನ್ನು ನೋಡಿ, ನಮ್ಮ ಕಾರೆಲ್ಲಿ ಎಂದು ಕೇಳಿದಳು.

"ಅದು ಹೋಯ್ತು. ಎಕ್ಸ್‌ಚೇಂಜಿಗೆ ಹಾಕ್ದೆ," ಎಂದ ಬೈರೇಶ್. ಅಷ್ಟು ಹೇಳಿ ಅವಳ ಕಡೆ ಬೆನ್ನು ಹಾಕಿ ಅಪ್ಪನನ್ನು ಕರೆದ.

ರಾಮಾಂಜಿನಪ್ಪ ಎಪ್ಪತ್ತರ ಗಡಿಯಲ್ಲಿದ್ದರೂ ಗಟ್ಟಿ ಆಳು. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಬಾಗಿಲ ಕಂಬಿ ಹಿಡಿದು ಒಂದೇ ನೆಗೆತಕ್ಕೆ ಮುಂದಿನ ಸೀಟಿನಲ್ಲಿ ಕೂತ. ಬೈರೇಶ್ ಒಂದೊಂದನ್ನೇ ಮುಟ್ಟಿ ಮುಟ್ಟಿ ತೋರಿಸಿದ. ಈ ಚಿಕ್ಕ ಲಿವರ್ ಎಳೆದರೆ ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಶಕ್ತಿ ಹೋಗುತ್ತದೆ. ಇನ್ನೂ ಹಿಂದಕ್ಕೆ ಎಳೆದರೆ ಫೋರ್ ಲೋ, ಆಗ ಆಮೆಯ ನಡಿಗೆ, ಆದರೆ ಗೋಡೆಯಂಥ ದಿಬ್ಬವನ್ನೂ ಹತ್ತುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಉಳಿದವು ಸುಮ್ಮನೆ ತಿರುಗದೆ ನೆಲ ಕಚ್ಚುತ್ತವೆ. ಎರಡಡಿ ನೀರಿಗೆ ಇಳಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಹೊಟ್ಟೆಯ ಕೆಳಗೆ ಇಷ್ಟು ಜಾಗ, ಅಂದರೆ ಕ್ಲಿಯರೆನ್ಸ್, ಇರುವುದರಿಂದ ದೊಡ್ಡ ಕಲ್ಲಿನ ಮೇಲೆ ಹೋದರೂ ತಗುಲುವುದಿಲ್ಲ ಎಂದು ಬಗ್ಗಿ, ತನ್ನ ಗೇಣು ಇಟ್ಟು ಅಳೆದು ತೋರಿಸಿದ. ರಾಮಾಂಜಿನಪ್ಪ ಒಂದೊಂದಕ್ಕೂ ತಲೆಯಾಡಿಸಿ, ಚಕ್ರದಡಿ ಇಡಲು ನಿಂಬೆಹಣ್ಣು ತರುವಂತೆ ಸೊಸೆಗೆ ಹೇಳಿದ.

ಗಂಗಲಕ್ಷ್ಮಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತು ಇದನ್ನೆಲ್ಲ ನೋಡಿದಳು. ಅವಳ ಎರಡೂ ಮಂಡಿ ಸವೆದು ನಾಲ್ಕು ವರ್ಷವಾಗಿತ್ತು. "ಬಾಗಿಲಿಗೆ ಮೆಟ್ಲಿಲ್ವಲ್ಲಪ್ಪಾ," ಎಂದಳು. ಮಗ ಕೇಳಿಸಿಕೊಂಡನೋ ಇಲ್ಲವೋ, ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ.

ಮರುದಿನ ಮಂಗಳವಾರ, ಡಯಾಲಿಸಿಸ್ ದಿನ. ಘಾಟಿ ರಸ್ತೆಯ ಪಕ್ಕದ ಆ ಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಅರ್ಧ ಗಂಟೆಯ ದಾರಿ. ಏಳೂವರೆಗೆ ಗಂಗಲಕ್ಷ್ಮಮ್ಮನನ್ನು ಗಾಡಿಯ ಬಳಿ ತಂದು ನಿಲ್ಲಿಸಿದರೆ, ಕಾಲಿಡುವ ಜಾಗ ಅವಳ ಸೊಂಟದ ಹತ್ತಿರಕ್ಕಿತ್ತು. ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ನರ ಕೂಡಿಸಿದ್ದರು. ಆ ಕೈಯನ್ನು ಹಿಡಿದೆಳೆಯುವ ಹಾಗಿಲ್ಲ, ಒತ್ತುವ ಹಾಗಿಲ್ಲ. ಬಲಗೈ ಹಿಡಿದು ಬೈರೇಶ್ ಮೇಲಿನಿಂದ ಎಳೆದ, ವಾಣಿಶ್ರೀ ಕೆಳಗಿನಿಂದ ಹೆಗಲು ಕೊಟ್ಟಳು. ಸೀರೆ ಮಂಡಿಯವರೆಗೆ ಸರಿಯಿತು. ಎದುರುಮನೆಯ ಪಿಳ್ಳಣ್ಣ ಬೀಡಿ ಹಚ್ಚಿಕೊಂಡು ನೋಡುತ್ತಿದ್ದ. ಸೀಟಿಗೆ ಬಿದ್ದ ಮೇಲೆ ಗಂಗಲಕ್ಷ್ಮಮ್ಮ ಮಗನನ್ನು ಬಿಟ್ಟು, ಸೀರೆ ಎಳೆದುಕೊಳ್ಳುತ್ತ ಸೊಸೆಯ ಕಡೆ ತಿರುಗಿದಳು.

"ಊರೋರ್ ಮುಂದೆ ಮೂಟೆ ಎತ್ದಂಗೆ ಎತ್ತಿಸ್ದೆ. ನಿನ್ ಕಣ್ಣಿಗೆ ತಂಪಾಯ್ತಾ?"

ವಾಣಿಶ್ರೀಗೆ ಇದು ಹೊಸದಲ್ಲ. ಅನುಗೊಂಡನಹಳ್ಳಿಯಿಂದ ಈ ಮನೆಗೆ ಬಂದು ಹದಿನೆಂಟು ವರ್ಷ. ಅತ್ತೆ ಆರೋಗ್ಯವಾಗಿದ್ದಾಗ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಯ್ಯುತ್ತಿದ್ದಳು, ಈಗ ಉಪ್ಪೇ ಇಲ್ಲವೆಂದು ಬಯ್ಯುತ್ತಿದ್ದಳು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಬರೆದುಕೊಟ್ಟದ್ದನ್ನು ಚೊಂಬಿನಲ್ಲಿ ಅಳೆದು ಕೊಡುವವಳು ವಾಣಿಶ್ರೀ. ಆದ್ದರಿಂದ ಬಾಯಾರಿಕೆಯೂ ವಾಣಿಶ್ರೀಯದೇ ತಪ್ಪು. ಬೈರೇಶ್ ಮಾತ್ರ ಅಮ್ಮ ಕೇಳಿದಾಗ ಕದ್ದು ಎಳನೀರು ತಂದುಕೊಟ್ಟು, ಮಾರನೆಯ ದಿನ ಉಸಿರು ಕಟ್ಟಿದಾಗ ಹೆಂಡತಿಯನ್ನು ಕೇಳುತ್ತಿದ್ದ.

ಶುಕ್ರವಾರದಿಂದ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಗಾಡಿಯ ಹಿಂದೆ ಏರಿತು. ಹತ್ತುವಾಗ ಇಳಿಯುವಾಗ ವಾಣಿಶ್ರೀ ಅದನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಅದುಮಿ ಹಿಡಿಯಬೇಕು. ಆರು ವಾರ ಹಾಗೆಯೇ ನಡೆಯಿತು. ಈ ನಡುವೆ ಬೈರೇಶ್ ಭಾನುವಾರಗಳಲ್ಲಿ ಮನೆಯಲ್ಲಿ ನಿಲ್ಲುವುದನ್ನು ಬಿಟ್ಟ. ಲೇಔಟುಗಳಿಗೆ ಜಲ್ಲಿ, ಎಂ-ಸ್ಯಾಂಡ್ ಒದಗಿಸುವ ಕೆಲಸ ಅವನದು. ಅಲ್ಲಿಯೇ ಪರಿಚಯವಾದ ದೇವನಹಳ್ಳಿಯ ಭೀಮರಾಜ್ ಎಂಬುವನ ಜೊತೆ ಹತ್ತು ಹನ್ನೆರಡು ಗಾಡಿಗಳ ಒಂದು ಗುಂಪು ಸೇರಿದ್ದ. ಪಾಳುಬಿದ್ದ ಕಲ್ಲುಕ್ವಾರಿ, ನೀಲಗಿರಿ ತೋಪು, ಒಣಗಿದ ಕೆರೆಯಂಗಳ ಎಂದು ಹೋಗಿ ಗಾಡಿಗೆ ಕೆಸರು ಮೆತ್ತಿಸಿಕೊಂಡು ಬರುವರು. ಬಂದಮೇಲೆ ಕೆಸರು ತೊಳೆಯದೆ ಎರಡು ದಿನ ಹಾಗೇ ಊರೊಳಗೆ ಓಡಿಸುತ್ತಿದ್ದ. ಮಂಗಳವಾರ ಅದೇ ಒಣಕೆಸರು ಗಂಗಲಕ್ಷ್ಮಮ್ಮನ ಸೀರೆಗೆ ಹತ್ತುತ್ತಿತ್ತು, ಒಗೆಯುವ ಕೆಲಸ ವಾಣಿಶ್ರೀಗೆ ಬರುತ್ತಿತ್ತು.

ಪಿತೃಪಕ್ಷದ ಒಂದು ಮಂಗಳವಾರ ಡಯಾಲಿಸಿಸ್ ಮುಗಿಸಿ ಬಂದು ಇಳಿಯುವಾಗ ಸ್ಟೂಲು ಜಾರಿತು. ನಾಲ್ಕು ಗಂಟೆ ಮಿಷನ್ನಿಗೆ ರಕ್ತ ಕೊಟ್ಟು ಬಂದ ಮೈಯಲ್ಲಿ ತ್ರಾಣವಿರಲಿಲ್ಲ; ಗಂಗಲಕ್ಷ್ಮಮ್ಮ ಎಡಗೈಯನ್ನು ಉಳಿಸಿಕೊಳ್ಳಲು ಹೋಗಿ ಬಲಗೈಯನ್ನು ನೆಲಕ್ಕೂರಿದಳು. ಮಣಿಕಟ್ಟು ಮುರಿಯಿತು. ವಾಣಿಶ್ರೀ ಕೂಗಿಕೊಂಡು ಹಿಡಿಯಲು ಬಾಗುವಷ್ಟರಲ್ಲಿ ಬೈರೇಶ್ ಆ ಕಡೆಯ ಬಾಗಿಲಿಂದ ಸುತ್ತಿ ಬಂದ.

"ಒಂದು ಸ್ಟೂಲ್ ಹಿಡ್ಕೊಳ್ಳೋಕೂ ಯೋಗ್ಯತೆ ಇಲ್ವೇನೇ ನಿಂಗೆ?" ಎಂದ, ಪಿಳ್ಳಣ್ಣನ ಮನೆಯವರೆಲ್ಲ ಹೊರಗೆ ಬಂದು ನಿಂತಿರುವಾಗ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದಮೇಲೆ ಗಂಗಲಕ್ಷ್ಮಮ್ಮನಿಗೆ ಎರಡು ಕೈಯೂ ಇಲ್ಲದಂತಾಯಿತು. ಒಂದು ಭಾರ ಹೊರಬಾರದ ಕೈ, ಇನ್ನೊಂದು ಕಟ್ಟಿದ ಕೈ. ಊಟ ಮಾಡಿಸುವುದು, ಸೀರೆ ಉಡಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಎಲ್ಲಾ ವಾಣಿಶ್ರೀಯ ಪಾಲಿಗೆ ಬಂತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ, ಗಂಗಲಕ್ಷ್ಮಮ್ಮ ನುಂಗಿ, ಬಿಸಿ ಸಾಲದು ಎನ್ನುವಳು. ಇನ್ನೊಂದು ಸಲ, ತುತ್ತು ದಪ್ಪವಾಯಿತು ಎನ್ನುವಳು. ಅತ್ತೆಯ ಕೈ ಮುರಿದದ್ದು ತನ್ನಿಂದಲೇ ಎಂಬಂತೆ ವಾಣಿಶ್ರೀ ತುತ್ತನ್ನು ಚಿಕ್ಕದು ಮಾಡಿ ಕೊಡುವಳು. ಆದರೆ ಆ ವಾರ ಅವಳು ಒಬ್ಬಳೇ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಬೈರೇಶನ ಗಾಡಿಯ ಸರ್ವಿಸ್ ಮಾಡುವ ಮಸ್ತಾನ್‌ನ ಗ್ಯಾರೇಜಿನಲ್ಲಿ, ಹತ್ತಲು ಮೆಟ್ಟಿಲು ಹಾಕಿಸಬಹುದೇ ಎಂದು ವಿಚಾರಿಸಿದಳು.

ಮಸ್ತಾನ್ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಎಲ್ಲಾ ವಿವರಿಸಿದ. ಕಬ್ಬಿಣದ ಫುಟ್‌ಸ್ಟೆಪ್ ಇದೆ, ಒಂದು ಗಂಟೆಯಲ್ಲಿ ಬೋಲ್ಟ್ ಹಾಕಿ ಕೂರಿಸಬಹುದು. ಕಲ್ಲಿಗೆ ತಗುಲುತ್ತದೆ ಅನ್ನುವವರಿಗೆ ಬೇರೊಂದು ನಮೂನೆಯಿದೆ, ಬಾಗಿಲು ತೆಗೆದರೆ ತಾನೇ ಕೆಳಗಿಳಿಯುತ್ತದೆ, ಹಾಕಿದರೆ ಮೇಲೆ ಹೋಗಿ ಮಡಚಿಕೊಳ್ಳುತ್ತದೆ. "ಆದ್ರೆ ಅಕ್ಕಾ, ಗಾಡಿ ಅಣ್ಣಂದು. ಅಣ್ಣ ಒಂದ್ ಮಾತು ಹೇಳಿದ್ರೆ ಇವತ್ತೇ ಹಾಕ್ಬಿಡ್ತೀನಿ," ಎಂದು ಅವಳ ಎದುರಿಗೇ ಬೈರೇಶನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಮಾತು ಕೇಳುತ್ತ ಮಸ್ತಾನನ ಮುಖ ಸಣ್ಣದಾಯಿತು. ಫೋನ್ ಇಟ್ಟು, ತಪ್ಪು ತಿಳ್ಕೋಬೇಡಿ ಎಂದು, ಅವಳಿಗೆ ಚಹಾ ತರಿಸಿದ. ಅವಳು ಕುಡಿಯದೆ ಎದ್ದುಬಂದಳು.

ರಾತ್ರಿ ಊಟಕ್ಕೆ ಕೂತಾಗ ಬೈರೇಶ್ ಶುರುಮಾಡಿದ.

"ಗಾಡಿ ವಿಷಯಕ್ಕೆ ನೀನ್ಯಾರು ಗ್ಯಾರೇಜಿಗೆ ಹೋಗೋಕೆ?"

"ಅತ್ತೆ ಹತ್ತೋಕಾಗ್ತಿಲ್ಲ. ಅದಕ್ಕೆ ಹೋದೆ."

"ಫುಟ್‌ಸ್ಟೆಪ್ ಹಾಕಿದ್ರೆ ಕ್ಲಿಯರೆನ್ಸ್ ಹೋಯ್ತು. ಆಮೇಲೆ ಅದಕ್ಕೂ ಮಾಮೂಲಿ ಕಾರಿಗೂ ಏನ್ ವ್ಯತ್ಯಾಸ? ಗ್ರೂಪಲ್ಲಿ ಒಬ್ರೂ ಹಾಕ್ಸಿಲ್ಲ."

"ನಿಮ್ ಗ್ರೂಪಲ್ಲಿ ಯಾರ ತಾಯಿಗೂ ಡಯಾಲಿಸಿಸ್ ಇಲ್ಲ ಅನ್ಸುತ್ತೆ."

ಮಗಳು ಸಿಂಚನ ಪಿಯುಸಿ ಓದುವ ಹುಡುಗಿ. ಅವಳು ತಟ್ಟೆಯಿಂದ ತಲೆಯೆತ್ತದೆ, ಮಡಚೋ ಸ್ಟೆಪ್ ಹಾಕಿದರೆ ಕ್ಲಿಯರೆನ್ಸ್ ಹೋಗಲ್ಲವಲ್ಲ ಎಂದಳು. ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬೇಡ ಎಂದು ತಾತ ಗದರಿದ. ಗಂಡಸರು ಇಷ್ಟಪಟ್ಟು ತಂದ ಒಂದು ವಸ್ತುವನ್ನು ಹೆಂಗಸರು ಹೀಗೆ ಹಿಡಿದು ಜಗ್ಗಬಾರದು, ವಾರದಲ್ಲಿ ಎರಡು ದಿನ ಎತ್ತಿ ಕೂರಿಸಿದರೆ ಯಾರ ಗಂಟೂ ಹೋಗುವುದಿಲ್ಲ ಎಂಬುದು ರಾಮಾಂಜಿನಪ್ಪನ ವಾದ. ಗಂಗಲಕ್ಷ್ಮಮ್ಮ ಒಳಗಿನ ಕೋಣೆಯಿಂದ ಎಲ್ಲವನ್ನೂ ಕೇಳುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ಅವಳ ದನಿ ಬಂತು.

"ಯಾರೂ ನಂಗೋಸ್ಕರ ಜಗಳ ಆಡ್ಬೇಡಿ. ಆಟೋಲಿ ಹೋಗ್ತೀನಿ."

ಹಾಗೆ ಅಫ್ಸರ್‌ನ ಆಟೋ ಗೊತ್ತುಮಾಡಿದ್ದಾಯಿತು. ಅಫ್ಸರ್ ದೊಡ್ಡಬಳ್ಳಾಪುರದಿಂದ ಮಂಗಳವಾರ ಶುಕ್ರವಾರ ಏಳೂ ಕಾಲಿಗೆ ಬಂದು, ಜಗಲಿಗೆ ಒತ್ತಿ ಆಟೋ ನಿಲ್ಲಿಸುವನು. ಗಂಗಲಕ್ಷ್ಮಮ್ಮ ಒಂದೇ ಹೆಜ್ಜೆಗೆ ಒಳಗೆ ಕೂರುವಳು. ವಾಣಿಶ್ರೀ ಪಕ್ಕದಲ್ಲಿ ಕೂತು, ಗುಂಡಿ ಬಂದಾಗ ಪ್ಲಾಸ್ಟರ್ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುವಳು. ಅಂಗಳದಲ್ಲಿ ನಿಂತ ಕಪ್ಪು ಗಾಡಿಯನ್ನು ದಾಟಿಕೊಂಡು ಆಟೋ ಹೋಗುವುದನ್ನು ಊರು ನೋಡುತ್ತಿತ್ತು. ಬೈರೇಶನಿಗೆ ಅದು ಮುಳ್ಳಾಯಿತು. ಬೇಕೆಂತಲೇ ನನ್ನ ಮಾನ ಕಳೆಯುತ್ತಿದ್ದೀರಿ ಎಂದು ಎರಡು ಸಲ ಕೂಗಾಡಿದ. ಅಮ್ಮನಿಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ಹೆಂಡತಿಗೆ ಕೇಳುವಂತೆ ಕೂಗಿದ.

ಅಕ್ಟೋಬರಿನಲ್ಲಿ ಚಿತ್ತಾ ಮಳೆ ಹಿಡಿಯಿತು. ಭಾನುವಾರ ಶುರುವಾದದ್ದು ಸೋಮವಾರ ಇಡೀ ದಿನ ಸುರಿದು, ಊರ ಕೆರೆ ಕೋಡಿ ಬಿತ್ತು. ಕೋಡಿಯ ನೀರು ಮುಖ್ಯರಸ್ತೆಗೆ ಸೇರುವ ದಾರಿಯ ಮೇಲೆ ಮೂವತ್ತು ಅಡಿ ಅಗಲಕ್ಕೆ ಹರಿಯತೊಡಗಿತು. ಮಂಗಳವಾರ ಅಫ್ಸರ್ ಆ ಕಡೆಯ ದಡದವರೆಗೆ ಬಂದು, ಆಟೋ ಇಳಿಸಲಾಗದು ಎಂದು ಫೋನ್ ಮಾಡಿ ಹಿಂದಿರುಗಿದ. ಬೈರೇಶ್ ಅಂದು ಗಾಡಿ ಸಮೇತ ಗೌರಿಬಿದನೂರಿನ ಕಡೆ ಇದ್ದ. ಡಯಾಲಿಸಿಸ್ ತಪ್ಪಿತು.

ಬುಧವಾರ ಬೆಳಗಾಗುವ ಹೊತ್ತಿಗೆ ಗಂಗಲಕ್ಷ್ಮಮ್ಮನ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಮಲಗಿದರೆ ಉಸಿರು ಸಿಗದೆ ಗೋಡೆಗೆ ದಿಂಬಿಟ್ಟು ಕೂತಿದ್ದಳು. ಒಂದು ಗುಟುಕು ನೀರು ಕೊಡು ಎಂದಳು. ಆಸ್ಪತ್ರೆಗೆ ಹೋಗಿ ಬರುವವರೆಗೆ ಬೇಡ ಎಂದು ವಾಣಿಶ್ರೀ ಹತ್ತಿಯನ್ನು ಬಟ್ಟಲಿನ ನೀರಲ್ಲಿ ಅದ್ದಿ ತುಟಿ ಒರೆಸಲು ಹೋದಳು. ಗಂಗಲಕ್ಷ್ಮಮ್ಮ ಪ್ಲಾಸ್ಟರ್ ಕೈಯಿಂದ ಬಟ್ಟಲನ್ನು ತಳ್ಳಿದಳು.

"ನಾನು ಸಾಯೋದನ್ನೇ ಕಾಯ್ಕೊಂಡಿದೀಯ ಕಣೆ ನೀನು. ಹದಿನೆಂಟು ವರ್ಷದಿಂದ ಕಾಯ್ತಾ ಇದೀಯ."

ನೀರು ಚಾಪೆಯ ಮೇಲೆ ಚೆಲ್ಲಿತು. ವಾಣಿಶ್ರೀ ಒರೆಸಿದಳು. ಆಸ್ಪತ್ರೆಗೆ ಫೋನ್ ಮಾಡಿದ್ದಕ್ಕೆ, ಒಂಬತ್ತು ಗಂಟೆಗೆ ಒಂದು ಹಾಸಿಗೆ ಬಿಟ್ಟುಕೊಡುತ್ತೇವೆ, ತಡ ಮಾಡಬೇಡಿ ಎಂದಿದ್ದರು. ಹಿಂದಿನ ರಾತ್ರಿ ಮನೆಗೆ ಬಂದಿದ್ದ ಬೈರೇಶ್ ಆಗಲೇ ಸ್ನಾನ ಮಾಡಿ ಸಿದ್ಧನಾಗಿದ್ದ. ಈ ದಿನಕ್ಕಾಗಿಯೇ ಗಾಡಿ ತಂದದ್ದು, ಈಗ ನೋಡಿ ಎಂದ. ಅಪ್ಪ ಮಗ ಸೇರಿ ಗಂಗಲಕ್ಷ್ಮಮ್ಮನನ್ನು ಕಂಕುಳಿಗೆ ಕೈಹಾಕಿ ಎತ್ತಿ ಮುಂದಿನ ಸೀಟಿಗೆ ಹಾಕಿದರು. ವಾಣಿಶ್ರೀ ಹಿಂದೆ ಕೂತಳು. ಮುಂದಿನ ಗಾಜಿನ ಬಳಿ ಬೈರೇಶ್ ಮೊದಲೇ ಒಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಳಮುಖವಾಗಿ ತಿರುಗಿಸಿಟ್ಟಿದ್ದ. ದಾರಿ ನೋಡಲಿಕ್ಕಿರಬೇಕು ಎಂದುಕೊಂಡಳು.

ಕೋಡಿಯ ಬಳಿ ಬೈರೇಶ್ ಇಳಿದು, ಉದ್ದನೆಯ ಕೋಲು ಹಿಡಿದು ನೀರಿಗಿಳಿದ. ರಸ್ತೆಯಂಚಿನ ಕಲ್ಲುಗಳನ್ನು ಗುರುತು ಮಾಡಿಕೊಂಡು ಆಳ ನೋಡಿದ. ಮಂಡಿಯ ಮೇಲಕ್ಕೆ ಸ್ವಲ್ಪ ಬಂತು, ಸೆಳೆತ ಜಾಸ್ತಿಯಿರಲಿಲ್ಲ. ಬಂದು ಕೂತು ಚಿಕ್ಕ ಲಿವರನ್ನು ಫೋರ್ ಲೋಗೆ ಎಳೆದು, ಗಾಡಿಯನ್ನು ನಿಧಾನಕ್ಕೆ ಇಳಿಸಿದ. ಆಕ್ಸಿಲರೇಟರಿನ ಮೇಲಿಟ್ಟ ಪಾದವನ್ನು ಒಂದೇ ಹದದಲ್ಲಿ ಇಟ್ಟಿದ್ದ, ಎಲ್ಲೂ ಗೇರು ಬದಲಿಸಲಿಲ್ಲ. ಕೆಂಪು ನೀರು ಬಾಗಿಲಿಗೆ ಬಡಿದು ಎರಡು ಬದಿಗೂ ಸೀಳಿತು. ಗಾಡಿ ಒಂದು ಕಡೆಗೂ ಎಳೆಯದೆ, ಎಂಜಿನ್ ಒಂದೇ ಶ್ರುತಿಯಲ್ಲಿ ಗುಡುಗುತ್ತ ಆಚೆಯ ದಡ ಹತ್ತಿತು. ವಾಣಿಶ್ರೀ ತನ್ನ ಕಣ್ಣಾರೆ ನೋಡಿದಳು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಆ ದಡದಲ್ಲಿ ಭೀಮರಾಜ್ ನಿಂತಿದ್ದ, ಕೊಡೆ ಹಿಡಿದು, ಕೈಯಲ್ಲಿ ಫೋನು. ಬೈರೇಶ್ ಗಾಜು ಇಳಿಸಿದ. ಭೀಮರಾಜ್ ತಲೆ ಕೆರೆದುಕೊಂಡು, "ಗುರು, ರೆಕಾರ್ಡ್ ಆಗಿಲ್ಲ. ಕೈ ಒದ್ದೆಯಾಗಿ ಬಟನ್ನೇ ಒತ್ತಿಲ್ಲ. ಇನ್ನೊಂದ್ ಸಲ ಬಂದ್ಬಿಡು. ಸ್ವಲ್ಪ ಸ್ಪೀಡಾಗಿ ಬಾ, ನೀರು ಏಳ್ಬೇಕು," ಎಂದ.

ಬೈರೇಶ್ ಗಡಿಯಾರ ನೋಡಿದ. ಗಾಡಿ ತಿರುಗಿಸಿದ.

"ಯಾಕಪ್ಪಾ ಹಿಂದಕ್ಕೆ ಹೋಗ್ತಾ ಇದೀಯ?" ಎಂದಳು ಗಂಗಲಕ್ಷ್ಮಮ್ಮ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು.

"ಒಂದ್ ನಿಮಿಷ ಅಮ್ಮ."

"ಏನಾದ್ರೂ ಬಿಟ್ ಬಂದ್ಯಾ?"

"ಒಂದ್ ನಿಮಿಷ ಅಂದ್ನಲ್ಲ."

ನೀರು ದಾಟಿ ಊರ ಕಡೆಯ ದಡಕ್ಕೆ ಬಂದರು. ಮತ್ತೆ ತಿರುಗಿಸಿ, ಈ ಸಲ ರಭಸದಿಂದ ಇಳಿಸಿದ. ನೀರು ಬಾನೆಟ್ಟಿನ ಮೇಲೆ ಎದ್ದು ಗಾಜಿಗೆ ಅಪ್ಪಳಿಸಿ, ಒಂದು ಕ್ಷಣ ಮುಂದೇನೂ ಕಾಣಲಿಲ್ಲ. ಗಾಡಿ ಕುಲುಕಿದ ರಭಸಕ್ಕೆ ಗಂಗಲಕ್ಷ್ಮಮ್ಮನ ಪ್ಲಾಸ್ಟರ್ ಕೈ ಎದುರಿನ ಕಂಬಿಗೆ ಬಡಿಯಿತು. ಅವಳು ಕೈಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು. ವಾಣಿಶ್ರೀ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೆಳಿಗ್ಗೆಯ ಮಾತು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಆಸ್ಪತ್ರೆ ಮುಟ್ಟಿದಾಗ ಒಂಬತ್ತೂ ಕಾಲು. ನರ್ಸ್ ಅಂಬರೀನ್ ಬಿ.ಪಿ. ನೋಡಿ, ಇಷ್ಟು ಏರಿದೆಯಲ್ಲ ಎಂದು ಗಾಬರಿಯಿಂದ ಆಮ್ಲಜನಕ ಹಾಕಿ, ಡಾಕ್ಟರನ್ನು ಕರೆದಳು. ನಾಲ್ಕು ಗಂಟೆಯ ನಂತರ ಗಂಗಲಕ್ಷ್ಮಮ್ಮ ಸುಧಾರಿಸಿಕೊಂಡಳು. ಬೈರೇಶ್ ಆ ನಾಲ್ಕು ಗಂಟೆಯೂ ಹೊರಗೆ ಬೆಂಚಿನ ಮೇಲೆ ಫೋನು ತೀಡುತ್ತ ಕೂತಿದ್ದ.

ಅದೇನು ಮಾಡುತ್ತಿದ್ದನೆಂಬುದು ಶುಕ್ರವಾರ ತಿಳಿಯಿತು. ನೀರು ಇಳಿದಿತ್ತು, ಅಫ್ಸರ್‌ನ ಆಟೋದಲ್ಲಿಯೇ ಹೋಗಿದ್ದರು. ಅಂಬರೀನ್ ಸೂಜಿ ಕೂರಿಸಿ, ನಗುತ್ತ, "ಅಜ್ಜಿ, ನೀವು ಫೋನಲ್ಲಿ ಬಂದಿದೀರ, ನೋಡಿದ್ರಾ?" ಎಂದು ತನ್ನ ಫೋನು ಹಿಡಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮೊದಲಿಗೆ ತೆರೆದ ಬಾಗಿಲಾಚೆ ಅಂಗಳ, ಅಪ್ಪ ಮಗ ಕಂಕುಳಿಗೆ ಕೈಹಾಕಿ ಎತ್ತುವುದು. ಆಮೇಲೆ ನೀರು ಸೀಳಿಕೊಂಡು ಬರುವ ಗಾಡಿ. ನಡುನಡುವೆ ಒಳಗಿನ ದೃಶ್ಯ: ಬಾಯಿ ತೆರೆದು ಉಸಿರೆಳೆಯುವ ಗಂಗಲಕ್ಷ್ಮಮ್ಮನ ಮುಖ, ಕೈ ಬಡಿದಾಗ ಮುಚ್ಚಿಕೊಂಡ ಕಣ್ಣು. ಡೋಲಿನ ಸದ್ದು. ಕೊನೆಯಲ್ಲಿ, ಅಮ್ಮನಿಗಾಗಿ ಯಾವ ನೀರನ್ನಾದರೂ ದಾಟುತ್ತೇನೆ ಎಂಬ ಬರಹ.

ಗಂಗಲಕ್ಷ್ಮಮ್ಮ ಇನ್ನೊಂದು ಸಲ ತೋರಿಸು ಎಂದಳು. ನೋಡಿದಳು.

"ಇದನ್ನ ಎಷ್ಟು ಜನ ನೋಡವ್ರಮ್ಮ?"

"ಎಂಬತ್ತು ಸಾವಿರ ಅಜ್ಜಿ."

ಸೀರೆ ಸರಿಮಾಡಿಕೊಳ್ಳಲು ಕೈಯಿಲ್ಲದ ಗಂಗಲಕ್ಷ್ಮಮ್ಮ, ಹಾಸಿಗೆಯ ಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಹೊದಿಕೆಯನ್ನು ಕತ್ತಿನವರೆಗೆ ಎಳೆ ಎಂದು ವಾಣಿಶ್ರೀಗೆ ಹೇಳಿದಳು.

ಮನೆಯಲ್ಲಿ ಅವಳು ಆ ವಿಷಯ ಎತ್ತಲಿಲ್ಲ. ಎತ್ತಿದವಳು ಸಿಂಚನ. ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿರುವಾಗ, ಅಪ್ಪನ ವಿಡಿಯೋದ ಕೆಳಗೆ ಜನ ಬರೆದದ್ದನ್ನು ಒಂದೊಂದಾಗಿ ಜೋರಾಗಿ ಓದತೊಡಗಿದಳು. ಮಗ ಅಂದರೆ ಹೀಗಿರಬೇಕು ಎಂದು ಬರೆದಿದ್ದವರು ಇದ್ದರು. ಅಲ್ಲಿಯವರೆಗೆ ಬೈರೇಶ್ ನಗುತ್ತಿದ್ದ. ಆಮೇಲೆ ಬೇರೆ ಥರದವು ಬಂದವು. ಅಜ್ಜಿ ಹತ್ತೋಕೆ ಒಂದು ಸ್ಟೆಪ್ ಹಾಕಿಸೋ ಮೊದಲು. ಉಸಿರು ಕಟ್ಟಿರುವವರನ್ನು ಕೂರಿಸಿಕೊಂಡು ಶೋಕಿ. ಇಷ್ಟು ದೊಡ್ಡ ಗಾಡಿ, ಇಷ್ಟು ಸಣ್ಣ ಬುದ್ಧಿ.

"ಸಾಕು ನಿಲ್ಸು," ಎಂದ ಬೈರೇಶ್.

"ಇನ್ನೂ ಇನ್ನೂರು ಇದೆ ಅಪ್ಪ."

ಅವನು ಫೋನು ಕಸಿದುಕೊಂಡು ಗೋಡೆಯ ಮೂಲೆಗೆ ಎಸೆದ. ಸಿಂಚನ ಎದ್ದು ಹೋಗಿ ಎತ್ತಿಕೊಂಡು, ಒಡೆದ ಗಾಜನ್ನು ಸವರಿ, ಅರ್ಧಕ್ಕೆ ಊಟ ಬಿಟ್ಟು ಹೊರಟುಹೋದಳು. ರಾಮಾಂಜಿನಪ್ಪ ಹೆಂಡತಿಯ ಕಡೆ ನೋಡಿ, ಅವನಿಲ್ಲದಿದ್ದರೆ ಅಂದು ನಿನ್ನ ಗತಿ ಏನಾಗುತ್ತಿತ್ತು ಎಂಬುದನ್ನೂ ನೆನಪಿಡಬೇಕು ಎಂದ. ಗಂಗಲಕ್ಷ್ಮಮ್ಮ ಸೊಸೆ ಹಿಡಿದಿದ್ದ ತುತ್ತನ್ನು ನುಂಗಿ, ಮಂಗಳವಾರ ಅವನು ಮನೆಯಲ್ಲಿದ್ದಿದ್ದರೆ ಬುಧವಾರ ಆ ಗತಿ ಬರುತ್ತಿರಲಿಲ್ಲ ಎಂದಳು. ಗಂಡನ ಎದುರು ಅವಳು ಹಾಗೆ ತಿರುಗಿ ಮಾತಾಡಿದ್ದನ್ನು ವಾಣಿಶ್ರೀ ಅದುವರೆಗೆ ಕೇಳಿರಲಿಲ್ಲ.

ಸೋಮವಾರ ಸಂಜೆ ಗಾಡಿ ಮಸ್ತಾನ್‌ನ ಗ್ಯಾರೇಜಿನಿಂದ ಬಂತು. ಬಾಗಿಲು ತೆಗೆದರೆ ಸಣ್ಣಗೆ ಗುಂಯ್ ಎಂದು ಅಗಲವಾದ ಮೆಟ್ಟಿಲೊಂದು ಕೆಳಗಿಳಿಯುತ್ತಿತ್ತು, ಹಾಕಿದರೆ ಒಳಗೆ ಮಡಚಿಕೊಳ್ಳುತ್ತಿತ್ತು. ಹಾಕಿಸಿದ್ದಕ್ಕೆ ಬೈರೇಶ್ ಯಾರಿಗೂ ಕಾರಣ ಹೇಳಲಿಲ್ಲ.

ಮಂಗಳವಾರ ಏಳು ಗಂಟೆಗೆ ಅವನೇ ಗಾಡಿಯನ್ನು ಜಗಲಿಯವರೆಗೆ ತಂದು ನಿಲ್ಲಿಸಿ ಬಾಗಿಲು ತೆಗೆದ. ಮೆಟ್ಟಿಲು ಇಳಿಯಿತು. ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದ.

"ಬಾಮ್ಮ. ನಿಧಾನಕ್ಕೆ ಹತ್ತು, ನೀನೇ ಹತ್ಬೋದು ಈಗ. ಇದೊಂದನ್ನ ಹಾಕ್ಬಿಟ್ರೆ ಎಲ್ರ ಬಾಯೂ ಮುಚ್ಚುತ್ತೆ."

ಗಂಗಲಕ್ಷ್ಮಮ್ಮ ಸೊಸೆಯ ಹೆಗಲು ಹಿಡಿದು ಜಗಲಿ ಇಳಿದು ಬಂದಳು. ಮೆಟ್ಟಿಲನ್ನು ನೋಡಿದಳು. ಅದು ಅವಳ ಮೊಣಕಾಲಿಗಿಂತ ಕೆಳಗೇ ಇತ್ತು. ಆಮೇಲೆ ಮಗನ ಕೈಯಲ್ಲಿದ್ದ ಫೋನನ್ನು ನೋಡಿದಳು.

"ನಾನು ಬಿದ್ದು ಕೈ ಮುರ್ಕೊಂಡಾಗ ನಿಂಗೆ ಇದು ಹಾಕಿಸ್ಬೇಕು ಅನ್ನಿಸ್ಲಿಲ್ಲ. ಕಂಡೋರು ನಿನ್ನ ನೋಡಿ ಉಗ್ದಾಗ ಅನ್ನಿಸ್ತು. ಇದು ನಂಗೆ ಹಾಕಿಸಿದ್ದಲ್ಲ ಬಿಡಪ್ಪಾ."

ಬೀದಿಯ ತಿರುವಿನಲ್ಲಿ ಅಫ್ಸರ್‌ನ ಆಟೋ ಕಾಣಿಸಿತು. ಗಾಡಿ ಜಗಲಿಗೆ ಅಡ್ಡ ನಿಂತಿದ್ದರಿಂದ ಅವನು ದೂರದಲ್ಲಿಯೇ ನಿಲ್ಲಿಸಬೇಕಾಯಿತು. ಗಂಗಲಕ್ಷ್ಮಮ್ಮ ತೆರೆದ ಬಾಗಿಲನ್ನು ಸುತ್ತಿಕೊಂಡು ಹೆಜ್ಜೆ ಎಣಿಸಿದಂತೆ ನಡೆದಳು. ಪಿಳ್ಳಣ್ಣ ತನ್ನ ಜಗಲಿಯಿಂದ ಎದ್ದು ನಿಂತ. ಬೈರೇಶ್ ಹಿಂದಿನಿಂದ ಹೆಂಡತಿಯ ಹೆಸರು ಹಿಡಿದು, ಇದೆಲ್ಲ ನಿನ್ನದೇ ಕಿತಾಪತಿ, ನೀನೇ ಹೇಳಿಕೊಟ್ಟಿದ್ದೀಯ, ಸಂಜೆ ಮನೆಗೆ ಬಾ ನೋಡಿಕೊಳ್ಳುತ್ತೇನೆ ಎಂದು ಕೂಗಿದ. ವಾಣಿಶ್ರೀ ತಿರುಗಿ ನೋಡಲಿಲ್ಲ. ಆಟೋ ಹೊರಟಿತು.

ಕೋಡಿಯ ಹತ್ತಿರ ರಸ್ತೆ ಕಿತ್ತುಹೋಗಿತ್ತು. ಅಫ್ಸರ್ ನಿಧಾನಿಸಿದ. ವಾಣಿಶ್ರೀ ಎಂದಿನಂತೆ ಅತ್ತೆಯ ಪ್ಲಾಸ್ಟರ್ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳಲು ಕೈ ಚಾಚಿದಳು. ಗಂಗಲಕ್ಷ್ಮಮ್ಮ ಕೈ ಕೊಡಲಿಲ್ಲ.

"ಅವತ್ತು ಇಲ್ಲಿ ಅವನು ಗಾಡಿ ತಿರುಗಿಸ್ದಾಗ ನೀನೂ ಹಿಂದೆ ಕೂತಿದ್ದೆ," ಎಂದಳು, ಮುಂದೆ ನೋಡುತ್ತಲೇ. "ಬ್ಯಾಡ ಅಂತ ಒಂದು ಮಾತು ಅನ್ಲಿಲ್ಲ."

ಅಫ್ಸರ್ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತೆಗೆದ. ವಾಣಿಶ್ರೀಗೆ ಹೇಳಲು ಬೇಕಾದಷ್ಟಿತ್ತು. ಹೇಳಿದ್ದರೆ ಅವನು ಕೇಳುತ್ತಿದ್ದನೇ ಎನ್ನಬಹುದಿತ್ತು. ಅವತ್ತು ಬೆಳಿಗ್ಗೆ ನೀವು ಬಟ್ಟಲು ತಳ್ಳಿ ಅಂದದ್ದನ್ನು ನೆನಪಿಸಬಹುದಿತ್ತು. ಹದಿನೆಂಟು ವರ್ಷದ ಲೆಕ್ಕವನ್ನೇ ಅಲ್ಲಿ ಬಿಚ್ಚಬಹುದಿತ್ತು. ಆದರೆ ಆ ದಿನ ಗಾಡಿ ತಿರುಗಿದಾಗ ಅವಳ ಬಾಯಿಗೆ ಮಾತು ಬಂದಿತ್ತು, ಅವಳೇ ಅದನ್ನು ತಡೆದುಕೊಂಡಿದ್ದಳು. ನಿಮ್ಮ ಮಗ ಎಂಥವನೆಂದು ನೀವೇ ನೋಡಿಕೊಳ್ಳಿ ಎಂದುಕೊಂಡು ಕಿಟಕಿಯ ಕಡೆ ತಿರುಗಿದ್ದಳು.

"ಹೌದು ಅತ್ತೆ," ಎಂದಳು. "ಬೇಕಂತಲೇ ಅನ್ಲಿಲ್ಲ."

ಗಂಗಲಕ್ಷ್ಮಮ್ಮ ಆ ದಾರಿಯಲ್ಲಿ ಮೊದಲ ಸಲ ಅವಳ ಕಡೆ ತಿರುಗಿ, ಅವಳ ಮುಖವನ್ನು ನೋಡಿದಳು. ಬಯ್ಯುತ್ತಾಳೆಂದು ವಾಣಿಶ್ರೀ ಕಾದಳು. ಬಯ್ಯಲಿಲ್ಲ. ಮತ್ತೆ ರಸ್ತೆಯ ಕಡೆ ತಿರುಗಿದಳು.

ಆಸ್ಪತ್ರೆಯ ಮುಂದೆ ವಾಣಿಶ್ರೀ ಮೊದಲು ಇಳಿದು ಕೈ ನೀಡಿದಳು. ಗಂಗಲಕ್ಷ್ಮಮ್ಮ ಅದನ್ನು ಹಿಡಿಯಲಿಲ್ಲ. ಆಟೋದ ಕಂಬಿಗೆ ಮೊಣಕೈ ಆನಿಸಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎಂದು ತಾನೇ ಇಳಿದು, ಸೆಟೆದು ನಿಂತು ಉಸಿರು ತೆಗೆದುಕೊಂಡಳು.

"ಶುಕ್ರವಾರ ಆರೂವರೆಗೇ ಬಾಪ್ಪಾ," ಎಂದಳು ಅಫ್ಸರ್‌ಗೆ. "ಅವನು ಎದ್ದು ಗಾಡಿ ಅಡ್ಡ ಹಾಕೋಕ್ ಮುಂಚೆ ಹೊರಡ್ಬೇಕು. ನಾನೂ ಇವಳೂ ಬರ್ತೀವಿ."